ತೀರ್ಥಕ್ಷೇತ್ರವು ಗಿರಿಧಾಮವಾದ ಬಗೆ

ಸೊಲ್ಲಾಪುರ-ಅಕ್ಕಲಕೋಟೆಗಳ ನಡುವಿನ ವಳಸಂಗದಲ್ಲಿ ಬಾಳಿದ ನಮಗೆ ಚಳಿಯೆಂದರೆ ಎಳ್ಳಮಾವಾಸ್ಯೆಯ ಹೊತ್ತಿಗೆ ಬಂದು, ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆ ಮುಗಿಯುತ್ತಲೇ ಹೊರಟು ಹೋಗುವ ನೆಂಟ. ಉಳಿದ ತಿಂಗಳುಗಳಲ್ಲಿ ಬಿಸಿಲಿನದೇ ರಾಜ್ಯಭಾರ. ಮೇ ತಿಂಗಳಲ್ಲಿ ಉಷ್ಣಮಾನ 44 ಡಿಗ್ರಿ ಮುಟ್ಟುವುದು ನಮಗೆ ಸುದ್ದಿಯೇ ಅಲ್ಲ. ಇಂಥ ಊರಿನ ಮಕ್ಕಳನ್ನು ಹಿಮ ತೋರಿಸಲು ಕರೆದೊಯ್ಯುತ್ತೇವೆಂದು 1989ರ ಡಿಸೆಂಬರದಲ್ಲಿ ನಾವು ಹೇಳಿದಾಗ ಪಾಲಕರು ನಕ್ಕರು. ಹಿಮ ನೋಡಲು ಕಾಶ್ಮೀರಕ್ಕೆ ಹೋಗಬೇಕು, ಅದಕ್ಕೆ ಎಷ್ಟು ವರ್ಗಣಿ ಹಾಕುತ್ತೀರಿ ಎಂದು ಕೇಳಿದರು. ನಾವು ಹೋಗುವುದು ಮಹಾಬಳೇಶ್ವರಕ್ಕೆ, ಶೈಕ್ಷಣಿಕ ಪ್ರವಾಸವಾದುದರಿಂದ ಎಸ್.ಟಿ.ಯವರು ಅರ್ಧ ದರಕ್ಕೆ ಬಸ್ಸು ಕೊಡುತ್ತಾರೆ ಎಂದು ತಿಳಿಸಿದ ಮೇಲೆ ನಲವತ್ತಮೂರು ಹೆಸರುಗಳು ಬಂದವು.

ಆ ಪ್ರವಾಸದ ನೆನಪನ್ನು ಆಧಾರವಾಗಿಟ್ಟುಕೊಂಡು ಒಂದು ಊರಿನ ಇತಿಹಾಸವನ್ನು ಹೇಳುವುದು ಈ ಲೇಖನದ ಉದ್ದೇಶ. ನಾವು ಇತಿಹಾಸವನ್ನು ಮೂವತ್ತು ವರ್ಷ ಕಲಿಸಿದವರು. ಆದರೂ ಆ ಮೊದಲ ಪ್ರವಾಸದಲ್ಲಿ ಮಕ್ಕಳಿಗೆ ಹೇಳಬೇಕಾದುದನ್ನು ಹೇಳಲಿಲ್ಲ. ಆಗ ನಮಗೇ ಅದು ಗೊತ್ತಿರಲಿಲ್ಲವೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಸಾಲವನ್ನು ತೀರಿಸುವ ಪ್ರಯತ್ನವಿದು.

ಸಾಯಂಕಾಲ ಹೊರಟ ಬಸ್ಸು ಪಂಢರಪುರ, ಮ್ಹಸವಡ, ದಹಿವಡಿಗಳನ್ನು ದಾಟಿ ಬೆಳಗಿನ ಜಾವ ಸಾತಾರೆಯನ್ನು ಸೇರಿತು. ಅಲ್ಲಿಂದ ವಾಯಿ. ಕೃಷ್ಣಾ ನದಿಯ ಘಟ್ಟಗಳ ಮೇಲೆ ಕಟ್ಟಿದ ಈ ಊರಿನಲ್ಲಿ ಧೋಲ್ಯಾ ಗಣಪತಿಯ ದರ್ಶನ ಮಾಡಿ, ಮನೆಯಿಂದ ತಂದ ಕಡಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಪಸರಣಿ ಘಾಟವನ್ನು ಏರಿದೆವು. ತಿರುವು ತಿರುವಿಗೂ ಕೆಳಗಿನ ನದಿ ಕಿರಿದಾಗುತ್ತ ಹೋಯಿತು. ಹಿಂದಿನ ಆಸನದ ಹುಡುಗರಿಗೆ ವಾಂತಿ ಶುರುವಾಯಿತು. ಪಂಚಗಣಿ ಬರುವ ಹೊತ್ತಿಗೆ ಎಲ್ಲರೂ ಸೊಲ್ಲಾಪುರಿ ಚಾದರಗಳನ್ನು ಹೊದ್ದು ಕುಳಿತಿದ್ದರು. ನಮ್ಮ ಜಿಲ್ಲೆಯ ಮಗ್ಗಗಳಲ್ಲಿ ನೇಯ್ದ ಆ ಚಾದರವನ್ನು ನಮ್ಮವರು ನಿಜವಾಗಿ ಚಳಿಗೆ ಹೊದ್ದುದನ್ನು ಕಂಡದ್ದು ಅಂದೇ ಮೊದಲು.

ಮರುದಿನ ಸೂರ್ಯೋದಯಕ್ಕೆ ಮುಂಚೆ ವೇಣ್ಣಾ ಸರೋವರಕ್ಕೆ ನಡೆದೆವು. ದೋಣಿ ಕಟ್ಟುವ ಹಲಗೆಗಳ ಮೇಲೆ, ದಂಡೆಯ ಹುಲ್ಲಿನ ಮೇಲೆ ಬೆಳ್ಳಗೆ ಉಪ್ಪು ಚೆಲ್ಲಿದಂತೆ ಹರಡಿತ್ತು. ಇಬ್ಬನಿ ಹೆಪ್ಪುಗಟ್ಟಿತ್ತು. ಇದು ಆಕಾಶದಿಂದ ಬಿದ್ದ ಹಿಮವಲ್ಲ. ಮೋಡವಿಲ್ಲದ ರಾತ್ರಿ ನೆಲವು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ತಣಿದ ಗಾಳಿ ಭಾರವಾಗಿ ಗುಡ್ಡದ ಇಳಿಜಾರಿನಿಂದ ತಗ್ಗಿಗೆ ಜಾರಿ ಸರೋವರದ ಬೋಗುಣಿಯಲ್ಲಿ ನಿಲ್ಲುತ್ತದೆ. ಆದುದರಿಂದಲೇ ಪೇಟೆಯಲ್ಲಿ ಉಷ್ಣಮಾಪಕ ಆರೋ ಏಳೋ ಡಿಗ್ರಿ ತೋರಿಸುವಾಗ ವೇಣ್ಣೆಯ ದಂಡೆಯ ಹುಲ್ಲು ಶೂನ್ಯಕ್ಕೆ ಇಳಿದಿರುತ್ತದೆ. ಇದು ವರ್ಷಕ್ಕೆ ಕೆಲವೇ ದಿನಗಳ ಆಟ. ನಮ್ಮ ಅದೃಷ್ಟಕ್ಕೆ ಅಂಥ ಒಂದು ದಿನ ಸಿಕ್ಕಿತು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಊಟದ ಡಬ್ಬಿಯ ಮುಚ್ಚಳದಿಂದ ಹಲಗೆಯನ್ನು ಕೆರೆದು ಆ ಬಿಳಿ ಪುಡಿಯನ್ನು ಡಬ್ಬಿಗೆ ತುಂಬಿಕೊಂಡಳು. "ಅವ್ವಗ ತೋರಸ್ತೇನ್ರಿ" ಎಂದಳು. ನಾವು ಕರಗುತ್ತದೆಂದು ಹೇಳಲಿಲ್ಲ.

ಆ ಮೇಲೆ ಮೂರು ತಾಸು ಪಾಯಿಂಟುಗಳ ದರ್ಶನ. ಗೈಡ್ ಹೇಳಿದ ಹೆಸರುಗಳನ್ನು ಮಕ್ಕಳು ನೋಟುಬುಕ್ಕಿನಲ್ಲಿ ಬರೆದುಕೊಂಡರು: ಎಲ್ಫಿನ್‌ಸ್ಟನ್, ಲಾಡ್ವಿಕ್, ಬ್ಯಾಬಿಂಗ್ಟನ್, ಕೇಟ್, ವಿಲ್ಸನ್, ಬಾಂಬೆ. ಮುಂಬಯಿ ಗವರ್ನರರ ಯಾದಿಯನ್ನೇ ಓದಿದಂತಿತ್ತು. ಈ ಕೊಳ್ಳಗಳಿಗೆ ಇಂಗ್ಲಿಷರು ಬರುವ ಮೊದಲು ಹೆಸರೇ ಇರಲಿಲ್ಲವೇ? ಇತ್ತು. 1438 ಮೀಟರ್ ಎತ್ತರದ, ಇಲ್ಲಿಯ ಅತ್ಯುನ್ನತ ಶಿಖರವಾದ ವಿಲ್ಸನ್ ಪಾಯಿಂಟ್ ಮೊದಲು ಸಿಂದೋಳಾ ಗುಡ್ಡವಾಗಿತ್ತು. ಸರ್ ಲೆಸ್ಲಿ ವಿಲ್ಸನ್ ಗವರ್ನರನಾಗಿದ್ದುದು 1923ರಿಂದ. ಅಂದರೆ ಆ ಹೆಸರಿಗೆ ಇನ್ನೂ ನೂರು ವರ್ಷ ತುಂಬಿರಲಿಲ್ಲ. ಕೇಟ್ ಎಂಬವಳು ಗವರ್ನರ್ ಮಾಲ್ಕಮನ ಮಗಳು.

ಈಗ ಕಥೆಯನ್ನು ಮೊದಲಿನಿಂದ ಹೇಳಬೇಕು.

ಇಂಗ್ಲಿಷರ ಕಣ್ಣಿಗೆ ಈ ಬೆಟ್ಟ ಬಿದ್ದದ್ದು 1824ರಲ್ಲಿ. ಸಾತಾರೆಯಲ್ಲಿದ್ದ ಪಡೆಯ ಅಧಿಕಾರಿ ಪೀಟರ್ ಲಾಡ್ವಿಕ್ ಕಾಡು ಹೊಕ್ಕು ಮೇಲೇರಿ, ಈಗ ತನ್ನ ಹೆಸರಿರುವ ಕೋಡುಗಲ್ಲಿನ ವರೆಗೆ ನಡೆದ. ನಾಲ್ಕು ವರ್ಷಗಳ ನಂತರ ಮುಂಬಯಿ ಗವರ್ನರ್ ಸರ್ ಜಾನ್ ಮಾಲ್ಕಮ್ ಬಂದು ಹವೆಗೆ ಮಾರುಹೋದ. ಸೈನಿಕರ ಆರೋಗ್ಯಧಾಮವೊಂದು ಬೇಕಾಗಿತ್ತು. ಕೊಂಕಣದ ಮತ್ತು ದಖ್ಖಣದ ಬಿಸಿಲಿಗೆ, ಜ್ವರಗಳಿಗೆ ಗೋರಾ ಸಿಪಾಯಿಗಳು ಸಾಯುತ್ತಿದ್ದರು. ಆದರೆ ಬೆಟ್ಟವು ಕಂಪನಿಯದಾಗಿರಲಿಲ್ಲ. ಅದು ಸಾತಾರೆಯ ಛತ್ರಪತಿ ಪ್ರತಾಪಸಿಂಹ ಮಹಾರಾಜರದು. 1829ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ವಾಯಿ ಭಾಗದ ಖಂಡಾಳಾ ಗ್ರಾಮವನ್ನು ಮಹಾರಾಜರಿಗೆ ಕೊಟ್ಟು ಕಂಪನಿ ಸರ್ಕಾರ ಬೆಟ್ಟವನ್ನು ತೆಗೆದುಕೊಂಡಿತು. ಹೊಸ ಪೇಟೆಗೆ ಗವರ್ನರನ ಹೆಸರಿನಿಂದ ಮಾಲ್ಕಮ್ ಪೇಠ ಎಂದು ಹೆಸರಾಯಿತು. ಸಾತಾರೆಯಿಂದ ಬೆಟ್ಟಕ್ಕೆ ರಸ್ತೆ ಮಾಡಿಸಿಕೊಟ್ಟವರೂ ಮಹಾರಾಜರೇ.

ಇಷ್ಟು ಸೌಜನ್ಯ ತೋರಿದ ಮಹಾರಾಜರಿಗೆ ಸಿಕ್ಕ ಪ್ರತಿಫಲವನ್ನು ಕೇಳಿ. ಒಪ್ಪಂದವಾಗಿ ಸರಿಯಾಗಿ ಹತ್ತು ವರ್ಷಗಳಿಗೆ, 1839ರಲ್ಲಿ, ರಾಜದ್ರೋಹದ ಆರೋಪ ಹೊರಿಸಿ ಅವರನ್ನು ಗಾದಿಯಿಂದ ಇಳಿಸಲಾಯಿತು. ಕಾಶಿಗೆ ಕಳಿಸಿದರು. ಅವರ ವಕೀಲ ರಂಗೋ ಬಾಪೂಜಿ ಲಂಡನ್ನಿಗೆ ಹೋಗಿ ವರ್ಷಗಟ್ಟಲೆ ನ್ಯಾಯ ಬೇಡಿದ. ಫಲವಾಗಲಿಲ್ಲ. ಮಹಾರಾಜರು 1847ರಲ್ಲಿ ಕಾಶಿಯಲ್ಲಿಯೇ ತೀರಿಕೊಂಡರು. ಅವರ ತರುವಾಯ ಗಾದಿಗೆ ಬಂದ ತಮ್ಮ ಅಪ್ಪಾಸಾಹೇಬರು 1842ರಲ್ಲಿ ವೇಣ್ಣಾ ಹೊಳೆಗೆ ಒಡ್ಡು ಹಾಕಿಸಿ ಸರೋವರ ಮಾಡಿಸಿದರು. ನಮ್ಮ ಮಕ್ಕಳು ಹಿಮ ಕೆರೆದದ್ದು ಇದರ ದಂಡೆಯ ಮೇಲೆಯೇ. 1848ರಲ್ಲಿ ಅವರೂ ಔರಸ ಸಂತಾನವಿಲ್ಲದೆ ತೀರಿಕೊಂಡಾಗ ಡಾಲ್‌ಹೌಸಿಯ ಆಡಳಿತ ಸಂಸ್ಥಾನವನ್ನೇ ನುಂಗಿಹಾಕಿತು. ಇದು ದೂರದ ಕಥೆಯೆಂದು ನಮ್ಮ ಭಾಗದವರು ತಿಳಿಯಬಾರದು. ನಮ್ಮ ಅಕ್ಕಲಕೋಟೆ ಸಾತಾರೆಯ ಛತ್ರಪತಿಗಳ ಜಹಗೀರಾಗಿತ್ತು. ಶಾಹೂ ಮಹಾರಾಜರು ಮಗನಂತೆ ಸಾಕಿಕೊಂಡ ಫತ್ತೇಸಿಂಹ ಭೋಸಲೆಯಿಂದ ನಡೆದು ಬಂದ ಮನೆತನ ಅದು. ಸಾತಾರೆ ಮುಳುಗಿದ ಮೇಲೆ ಅಕ್ಕಲಕೋಟೆ ನೇರವಾಗಿ ಇಂಗ್ಲಿಷರ ಕೈಕೆಳಗೆ ಬಂದಿತು.

ಗಿರಿಧಾಮ ಕಟ್ಟಲು ಕೈಗಳು ಬೇಕು. ಆ ಕೈಗಳು ಎಲ್ಲಿಂದ ಬಂದವೆಂಬುದನ್ನು ಯಾವ ಗೈಡೂ ಹೇಳುವುದಿಲ್ಲ. ಸುಮಾರು 1834ರಿಂದ 1864ರ ವರೆಗೆ ಇಲ್ಲೊಂದು ಸೆರೆಮನೆಯಿತ್ತು. ಮಲಾಕ್ಕಾ ಜಲಸಂಧಿಯ ಇಂಗ್ಲಿಷ್ ವಸಾಹತುಗಳಲ್ಲಿ ಶಿಕ್ಷೆಗೊಳಗಾದ ಚೀನೀ ಮತ್ತು ಮಲಾಯಿ ಕೈದಿಗಳನ್ನು ಕಡಲು ದಾಟಿಸಿ ತಂದು ಇಲ್ಲಿಡುತ್ತಿದ್ದರು. ನೂರಿಪ್ಪತ್ತು ಜನರಿಗೆ ಸ್ಥಳವಿದ್ದ ಕಾರಾಗೃಹ. ಬಟಾಟೆ ಮತ್ತಿತರ ವಿಲಾಯತಿ ಕಾಯಿಪಲ್ಲೆಗಳನ್ನು ಈ ಬೆಟ್ಟದಲ್ಲಿ ಬೆಳೆದು ತೋರಿಸಿದವರು, ಬೆತ್ತದ ಬುಟ್ಟಿ ಹೆಣೆಯುವ ಕೆಲಸವನ್ನು ಸ್ಥಳೀಯರಿಗೆ ಕಲಿಸಿದವರು ಇವರೇ. ಸೆರೆಮನೆ ಮುಚ್ಚಿದ ಮೇಲೆ ಬಿಡುಗಡೆಯಾದ ಕೆಲವರು ಇಲ್ಲಿಯೇ ಉಳಿದರಂತೆ. ಇಂದು ದೇಶದಲ್ಲಿ ಬೆಳೆಯುವ ಸ್ಟ್ರಾಬೆರಿಯ ಬಹುಪಾಲು ಮಹಾಬಳೇಶ್ವರ-ಪಂಚಗಣಿಗಳದು. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕೆನೆಯಲ್ಲಿ ಅದ್ದಿದ ಸ್ಟ್ರಾಬೆರಿ ತಿನ್ನುವಾಗ ಆ ಮಣ್ಣನ್ನು ಮೊದಲು ಪಳಗಿಸಿದ ಪರದೇಶದ ಕೈದಿಗಳ ನೆನಪು ಯಾರಿಗೂ ಬರುವುದಿಲ್ಲ. ನಮಗೂ ಬಂದಿರಲಿಲ್ಲ.

ಇನ್ನೊಂದು ಸಮುದಾಯದ ಕಥೆಯೂ ಇದೆ. ಧಾವಡರೆಂಬ ಮುಸಲ್ಮಾನರು ಈ ಕಾಡಿನಲ್ಲಿ ಕೆಂಪು ಕಲ್ಲಿನ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಕುಲುಮೆಗೆ ಇದ್ದಲಿ ಬೇಕು, ಇದ್ದಲಿಗೆ ಮರ ಬೇಕು. ಕಾಡನ್ನು ಸರ್ಕಾರ ತನ್ನ ರಕ್ಷಣೆಗೆ ತೆಗೆದುಕೊಂಡ ಮೇಲೆ ಅವರ ಕುಲುಮೆಗಳು ಆರಿದವು. ನೆರಳು ಬೇಕಾದವರಿಗೆ ಮರ ಉಳಿಯಿತು. ಕಾಡು ಉಳಿದದ್ದು ಒಳ್ಳೆಯದೇ ಆಯಿತೆಂದು ಇಂದು ನಾವು ಹೇಳಬಹುದು. 2001ರಲ್ಲಿ ಕೇಂದ್ರ ಸರ್ಕಾರ ಮಹಾಬಳೇಶ್ವರ-ಪಂಚಗಣಿ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದಾಗ ನಾವೂ ಸಂತೋಷಪಟ್ಟೆವು. ಆದರೆ ಕುಲುಮೆ ಆರಿದವನ ಮನೆಯ ಒಲೆ ಹೇಗೆ ಉರಿಯಿತೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಊರು ಬೆಳೆದಂತೆ ಅದು ಮುಂಬಯಿ ಇಲಾಖೆಯ ಬೇಸಿಗೆಯ ರಾಜಧಾನಿಯಾಯಿತು. ಚಳಿಗಾಲಕ್ಕೆ ಮುಂಬಯಿ, ಮಳೆಗಾಲಕ್ಕೆ ಪುಣೆ, ಬೇಸಿಗೆಗೆ ಮಹಾಬಳೇಶ್ವರ ಎಂದು ಸರ್ಕಾರ ವರ್ಷಕ್ಕೆ ಮೂರು ಸಲ ಬಿಡಾರ ಕೀಳುತ್ತಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ, ಸೊಲ್ಲಾಪುರಗಳೆಲ್ಲ ಆ ಇಲಾಖೆಯ ಜಿಲ್ಲೆಗಳು. ನಮ್ಮ ನೆಲ ಬಿರಿಯುವ ತಿಂಗಳುಗಳಲ್ಲಿಯೇ ನಮ್ಮ ಜಿಲ್ಲೆಗಳ ಭವಿಷ್ಯ ಬರೆಯುವ ಲೇಖನಿಗಳು ತಂಪು ಬೆಟ್ಟ ಏರಿರುತ್ತಿದ್ದವು. 1876-78ರ ಮಹಾ ಕ್ಷಾಮದಲ್ಲಿ ಸೊಲ್ಲಾಪುರ, ಕಲಾದಗಿ ಜಿಲ್ಲೆಗಳ ಜನ ಊರು ತೊರೆದು ಗುಳೆ ಹೋದ ಕಥೆಯನ್ನು ನಮ್ಮ ಅಜ್ಜಿಯ ಬಾಯಲ್ಲಿ, ಅವಳು ತನ್ನ ಅಜ್ಜಿಯಿಂದ ಕೇಳಿದಂತೆ, ಕೇಳಿದ್ದೇವೆ. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆ ತೋಡಿದ್ದು ಬಾಯಾರಿದವರೆಲ್ಲರಿಗಾಗಿ. ವೇಣ್ಣಾ ಸರೋವರ ತೋಡಿದ್ದು ಬೆಟ್ಟಕ್ಕೆ ಬಂದವರಿಗಾಗಿ. ಎರಡೂ ಕೆರೆಗಳೇ.

ಇಲ್ಲಿ ಸ್ವಲ್ಪ ಹೊತ್ತು ಯುರೋಪಿನ ಕಡೆಗೆ ತಿರುಗಬೇಕಾಗಿದೆ. ನಿವೃತ್ತರಾದ ಮೇಲೆ ಓದಲು ಬಿಡುವು ದೊರೆತಾಗ ಸ್ವಿಟ್ಜರ್ಲಂಡಿನ ಆಲ್ಪ್ಸ್ ಪರ್ವತದ ಊರುಗಳ ಚರಿತ್ರೆ ನಮ್ಮ ಕೈಗೆ ಬಂದಿತು. ಮಹಾಬಳೇಶ್ವರದ ಒಗಟು ನಮಗೆ ಬಿಡಿಸಿದ್ದು ಆಗಲೇ.

ಸೇಂಟ್ ಮೋರಿಟ್ಸ್ ಎಂಬುದು ಇಂದು ಜಗತ್ತಿನ ಶ್ರೀಮಂತರು ಹಿಮದ ಮೇಲೆ ಜಾರಲು ಹೋಗುವ ಊರು. 1928 ಮತ್ತು 1948ರ ಚಳಿಗಾಲದ ಒಲಿಂಪಿಕ್ ಪಂದ್ಯಗಳು ಅಲ್ಲಿಯೇ ನಡೆದವು. ಆದರೆ ಆ ಊರಿನ ಮೊದಲ ಖ್ಯಾತಿ ಒಂದು ಚಿಲುಮೆಯದು. ಖನಿಜ ನೀರಿನ ಆ ಬುಗ್ಗೆಗೆ ಜನ ಯಾತ್ರೆ ಬರುತ್ತಿದ್ದರು. 1519ರಲ್ಲಿ ಪೋಪ್ ಹತ್ತನೆಯ ಲಿಯೋ ಅಲ್ಲಿಯ ಇಗರ್ಜಿಗೆ ಯಾತ್ರೆ ಬಂದವರಿಗೆ ಪಾಪವಿಮೋಚನೆಯ ಭರವಸೆ ಕೊಟ್ಟಿದ್ದನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ತೀರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಧನಿಕರು ಬೇಸಿಗೆಯ ವಿಹಾರಕ್ಕೆ ಅಲ್ಲಿಗೆ ಹೋಗತೊಡಗಿದರು. ಚಳಿಗಾಲದಲ್ಲಿ ಊರು ಹಿಮದಡಿ ಮುಚ್ಚಿ ಹೋಗುತ್ತಿತ್ತು, ಯಾರೂ ಸುಳಿಯುತ್ತಿರಲಿಲ್ಲ. 1864ರ ಶರತ್ಕಾಲದಲ್ಲಿ ಹೊಟೇಲಿನ ಮಾಲಿಕ ಯೋಹಾನೆಸ್ ಬಾಡ್ರುಟ್ ಊರಿಗೆ ಮರಳಲಿದ್ದ ನಾಲ್ವರು ಇಂಗ್ಲಿಷ್ ಅತಿಥಿಗಳೊಡನೆ ಪಂಥ ಕಟ್ಟಿದನೆಂದು ಪ್ರತೀತಿ: ಚಳಿಗಾಲದಲ್ಲಿ ಬನ್ನಿರಿ, ಬಿಸಿಲಿನಲ್ಲಿ ಅಂಗಿ ತೋಳಿನಲ್ಲಿ ಕೂಡುವಿರಿ, ಮೆಚ್ಚದಿದ್ದರೆ ಖರ್ಚೆಲ್ಲ ನನ್ನದು. ಅವರು ಬಂದರು, ವಸಂತದ ವರೆಗೆ ಉಳಿದರು, ಮೈ ಕಂದಿಸಿಕೊಂಡು ನಗುತ್ತ ಮರಳಿದರು. ಚಳಿಗಾಲದ ರಜೆಯೆಂಬ ಕಲ್ಪನೆ ಅಲ್ಲಿ ಹೀಗೆ ಹುಟ್ಟಿತೆನ್ನುತ್ತಾರೆ. ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ವಿದ್ಯೆ ನಾರ್ವೆಯವರದು. ಅದು ಆಲ್ಪ್ಸಿಗೆ ಬಂದದ್ದು ತಡವಾಗಿ. ಶೆರ್ಲಾಕ್ ಹೋಮ್ಸನ ಕರ್ತೃ ಕಾನನ್ ಡಾಯ್ಲ್ 1894ರಲ್ಲಿ ದಾವೋಸದಿಂದ ಆರೋಸಾಕ್ಕೆ ಕಣಿವೆ ದಾಟಿ ಸ್ಕೀ ಮೇಲೆ ಹೋದುದನ್ನು ತಾನೇ ಬರೆದಿದ್ದಾನೆ.

ದಾವೋಸದ ಕಥೆ ಪಂಚಗಣಿಗೆ ಇನ್ನೂ ಹತ್ತಿರದ್ದು. ಕ್ಷಯರೋಗಕ್ಕೆ ಔಷಧವಿಲ್ಲದ ಕಾಲದಲ್ಲಿ ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ವೈದ್ಯನು ಬೆಟ್ಟದ ಒಣ ಗಾಳಿಯೇ ಮದ್ದೆಂದು ನಂಬಿದ. 1865ರ ಚಳಿಗಾಲದಲ್ಲಿ ಮೊದಲ ರೋಗಿಗಳು ಅಲ್ಲಿಗೆ ಬಂದರು. ಅದೇ ದಶಕದಲ್ಲಿ ಜಾನ್ ಚೆಸನ್ ಎಂಬವನು ಪಂಚಗಣಿಯಲ್ಲಿ ವಸಾಹತು ಬೆಳೆಸಿ ಸಿಲ್ವರ್ ಓಕ್ ಮರ ನೆಡಿಸುತ್ತಿದ್ದನು. ಮುಂದೆ ಅಲ್ಲಿಯೂ ಕ್ಷಯರೋಗಿಗಳ ಆರೋಗ್ಯಧಾಮ ಎದ್ದಿತು, ವಸತಿ ಶಾಲೆಗಳು ಎದ್ದವು. 1944ರಲ್ಲಿ ಸೆರೆಯಿಂದ ಬಿಡುಗಡೆಯಾದ ಗಾಂಧೀಜಿಯವರು ದೇಹಸ್ವಾಸ್ಥ್ಯಕ್ಕಾಗಿ ಇದೇ ಪಂಚಗಣಿಗೆ ಬಂದಿದ್ದರು. ಮರುವರ್ಷ ಮಹಾಬಳೇಶ್ವರದಲ್ಲಿ ತಂಗಿದ್ದರು.

ಒಂದೇ ಜನ, ಒಂದೇ ಶತಮಾನ. ಅಲ್ಲಿ ಚಳಿಗಾಲವನ್ನು ರಜೆಯಾಗಿಸಿದರು, ಇಲ್ಲಿ ಬೇಸಿಗೆಯನ್ನು ರಜೆಯಾಗಿಸಿದರು. ಎರಡೂ ಕಡೆ ಮೊದಲು ಇದ್ದದ್ದು ತೀರ್ಥ. ತೀರ್ಥಕ್ಕೆ ಹೋಗುವವನು ಕಾಲು ನೋಯಿಸಿಕೊಂಡು ಏರಿ, ನೀರಿನಲ್ಲಿ ಮುಳುಗಿ, ಏನನ್ನೋ ಬಿಟ್ಟು ಬರುತ್ತಾನೆ. ಗಿರಿಧಾಮಕ್ಕೆ ಹೋಗುವವನನ್ನು ಬೇರೆಯವರು ಎಳೆದುಕೊಂಡು ಹೋಗುತ್ತಾರೆ. ಇದು ಅಲಂಕಾರದ ಮಾತಲ್ಲ: ಮಹಾಬಳೇಶ್ವರದಲ್ಲಿ ಸಾಹೇಬರನ್ನು ಕೂಡಿಸಿಕೊಂಡು ಮನುಷ್ಯರೇ ರಿಕ್ಷಾಗಳನ್ನು ಎಳೆಯುತ್ತಿದ್ದರು.

ಹಾಗಾದರೆ ಇಲ್ಲಿಯ ತೀರ್ಥ ಯಾವುದು? ಮಾಲ್ಕಮ್ ಪೇಠದಿಂದ ಐದಾರು ಕಿಲೋಮೀಟರ್ ದೂರದಲ್ಲಿ ಕ್ಷೇತ್ರ ಮಹಾಬಳೇಶ್ವರವಿದೆ. ನಮ್ಮ ಗೋಕರ್ಣದ ದೇವರ ಹೆಸರೂ ಇದೇ. ಇಲ್ಲಿಯ ಪಂಚಗಂಗಾ ದೇವಾಲಯದಲ್ಲಿ ಕೃಷ್ಣಾ, ಕೋಯ್ನಾ, ವೇಣ್ಣಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳು ಗೋಡೆಯ ಕಿಂಡಿಗಳಿಂದ ಹೊರಟು ಒಂದಾಗಿ ಕಲ್ಲಿನ ಗೋಮುಖದಿಂದ ಬೀಳುತ್ತವೆ. ಹದಿಮೂರನೆಯ ಶತಮಾನದ ಆದಿಯಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನು ಕೃಷ್ಣೆಯ ಮೂಲದಲ್ಲಿ ಗುಡಿ, ಕೊಳ ಕಟ್ಟಿಸಿದನೆಂಬುದು ಪರಂಪರೆಯ ಮಾತು. ಈ ಸಿಂಘಣನು ಯಾರು? ಮರಾಠಿ ನಾಡಿನ ಯಾದವನೆಂದು ನಮ್ಮ ಪಠ್ಯಪುಸ್ತಕಗಳು ಕಲಿಸುತ್ತವೆ. ಆ ಮಾತು ಸುಳ್ಳಲ್ಲ. ಆದರೆ ಸೇವುಣರ ಶಾಸನಗಳಲ್ಲಿ ಕನ್ನಡದವು ಬಹುಸಂಖ್ಯೆಯಲ್ಲಿವೆ ಎಂಬುದನ್ನು ಆ ಪುಸ್ತಕಗಳು ಕಲಿಸುವುದಿಲ್ಲ. ಡಾ. ಶ್ರೀನಿವಾಸ ರಿತ್ತಿಯವರು ಸೇವುಣರ ಮೇಲೆ ಬರೆದ ಗ್ರಂಥವನ್ನು ಓದಿದ ಮೇಲೆ ನಮಗೆ ಈ ಸಂಗತಿ ಸ್ಪಷ್ಟವಾಯಿತು. ಶಂ.ಬಾ. ಜೋಶಿಯವರ 'ಕಣ್ಮರೆಯಾದ ಕನ್ನಡ'ವನ್ನು ಈ ಸಂಘದ ಹಿರಿಯರು ಓದಿಯೇ ಇದ್ದಾರೆ. ಗಡಿಯ ವಾದಕ್ಕಾಗಿ ನಾವು ಇದನ್ನು ಎತ್ತುತ್ತಿಲ್ಲ. 1967ರ ಮಹಾಜನ ವರದಿಯ ಹಾಳೆಗಳು ಹಳದಿಯಾದವು. ಮರಾಠಿ ನೆರೆಹೊರೆಯವರೊಡನೆ ನಾವು ಉಂಡು, ದುಡಿದು, ಬೀಗತನ ಮಾಡಿ ಬದುಕಿದ್ದೇವೆ. ನದಿಯ ತಲೆಯ ಮೇಲೆ ಕಟ್ಟಿದ ಗುಡಿಯಲ್ಲಿ ಎರಡು ನುಡಿಯವರ ನೆನಪೂ ಇತ್ತೆಂಬುದಷ್ಟೇ ನಮ್ಮ ಮಾತು.

ಈಗ ಆ ಹುಡುಗಿಯ ಬಳಿಗೆ ಮರಳೋಣ. ಗೋಮುಖದ ಮುಂದೆ ನಿಂತು, ಬೊಗಸೆಯಲ್ಲಿ ನೀರು ಹಿಡಿದು ಅವಳು ಕೇಳಿದಳು: "ಸರ್, ಈ ನೀರ ನಮ್ಮ ಊರಿಗಿ ಬರ್ತದೇನ್ರಿ?"

"ಇಲ್ಲವ್ವಾ, ಇದು ಕೃಷ್ಣಾ. ನಮ್ಮದು ಭೀಮಾ. ಅದು ಬ್ಯಾರೆ ಕಡೆ ಹುಟ್ಟತದ" ಎಂದೆವು. ಉತ್ತರ ತಪ್ಪಾಗಿರಲಿಲ್ಲ. ಭೀಮೆಯ ಹುಟ್ಟು ಭೀಮಾಶಂಕರದಲ್ಲಿ. ಅವಳು ಬೊಗಸೆಯ ನೀರನ್ನು ಚೆಲ್ಲಿ ಸಾಲಿಗೆ ಮರಳಿದಳು. ಅವಳ ಮುಖ ಸಣ್ಣದಾದುದನ್ನು ನಾವು ಕಂಡೆವು. ನಮ್ಮ ಉತ್ತರ ಅರ್ಧವೇ ಆಗಿತ್ತೆಂಬುದು ಹೊಳೆಯಲು ಎಷ್ಟೋ ವರ್ಷಗಳು ಹಿಡಿದವು.

ಪೂರ್ತಿ ಉತ್ತರ ಹೀಗಿರಬೇಕಾಗಿತ್ತು. ಈ ಗೋಮುಖದ ನೀರು ವಾಯಿಯ ಘಟ್ಟಗಳನ್ನು ತೊಳೆದು, ಮಾಹುಲಿಯಲ್ಲಿ ವೇಣ್ಣೆಯನ್ನು, ಕರಾಡದಲ್ಲಿ ಕೋಯ್ನೆಯನ್ನು, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಬೆಳಗಾವಿ ಜಿಲ್ಲೆಯಲ್ಲಿ ಕನ್ನಡ ನಾಡನ್ನು ಹೊಗುತ್ತದೆ. ಆಲಮಟ್ಟಿಯನ್ನು ದಾಟಿ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ತಬ್ಬುತ್ತದೆ. ಬಸವಣ್ಣನವರು ಐಕ್ಯರಾದ ನೆಲವನ್ನು ಸುತ್ತುವ ನೀರು ಈ ಗೋಮುಖದ್ದೇ. ಇತ್ತ ವಳಸಂಗದ ಹೊಲಗಳಲ್ಲಿ ಬಿದ್ದ ಮಳೆಯೂ, ಅಕ್ಕಲಕೋಟೆಯ ಬೋರಿ ನದಿಯೂ ಭೀಮೆಗೆ ಸೇರುತ್ತವೆ. ಭೀಮೆಯು ಕಲಬುರ್ಗಿ, ಯಾದಗಿರಿಗಳನ್ನು ಹಾದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ. ಅವ್ವಾ, ಆ ನೀರು ನಮ್ಮ ಊರಿಗೆ ಬರುವುದಿಲ್ಲ. ನಮ್ಮ ಊರಿನ ನೀರೇ ಅದನ್ನು ಕೂಡಲು ಹೋಗುತ್ತದೆ. ಹೀಗೆ ಹೇಳಿದ್ದರೆ ಆಕೆ ನೀರು ಚೆಲ್ಲುತ್ತಿರಲಿಲ್ಲ.

ಇದೇ ನೀರಿನ ಪಾಲಿಗಾಗಿ 1969ರಲ್ಲಿ ಬಚಾವತ್ ನ್ಯಾಯಾಧಿಕರಣ ನೇಮಕವಾಗಿ, 1973ರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಹಂಚಿಕೊಟ್ಟಿತು. ಕೋಯ್ನೆಯ ನೀರಿನ ದೊಡ್ಡ ಭಾಗ ವಿದ್ಯುತ್ತಿಗಾಗಿ ಘಟ್ಟದ ಕೆಳಗೆ ಪಶ್ಚಿಮಕ್ಕೆ ಇಳಿದು ಸಮುದ್ರ ಸೇರುತ್ತದೆ. ವರ್ಷಕ್ಕೆ ಐದೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಬೆಟ್ಟದ ಕೆಳಗೆ, ಅದರ ಹತ್ತನೆಯ ಒಂದು ಪಾಲು ಮಳೆಗೆ ಬಾಯಿ ತೆರೆದು ಕೂಡುವವರು ನಾವು. ಗಿರಿಧಾಮದ ಚರಿತ್ರೆಯನ್ನು ಬಂಗಲೆಗಳಿಂದ ಬರೆಯುವುದಕ್ಕಿಂತ ಈ ನೀರಿನಿಂದ ಬರೆಯುವುದು ನ್ಯಾಯವೆಂದು ನಮಗೆ ತೋರುತ್ತದೆ.

ಪ್ರತಾಪಗಡವನ್ನು ಕುರಿತು ಹೆಚ್ಚು ಬರೆಯುವುದಿಲ್ಲ; ಅದು ಎಲ್ಲರಿಗೂ ಗೊತ್ತಿರುವ ಕಥೆ. ಮಹಾಬಳೇಶ್ವರದಿಂದ ಇಪ್ಪತ್ತು ಕಿಲೋಮೀಟರಿನ ಹಾದಿ. ಜಾವಳಿಯನ್ನು ಗೆದ್ದ 1656ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸತೊಡಗಿದ ಕೋಟೆ. 1659ರ ನವೆಂಬರ 10ರಂದು ವಿಜಾಪುರದ ಸರದಾರ ಅಫಜಲಖಾನನು ಇದರ ಅಡಿಯಲ್ಲಿ ಮಡಿದ. ಕೋಟೆಯ ಮೇಲಿನ ಅಶ್ವಾರೂಢ ಪ್ರತಿಮೆಯನ್ನು 1957ರಲ್ಲಿ ಪಂಡಿತ ನೆಹರೂ ಅನಾವರಣ ಮಾಡಲು ಬಂದಾಗ ಸಂಯುಕ್ತ ಮಹಾರಾಷ್ಟ್ರದ ಚಳವಳಿಗಾರರು ಕಪ್ಪು ಬಾವುಟ ತೋರಿದ್ದರು. ಭಾಷೆಯ ಹೆಸರಿನ ನೋವು ನಮ್ಮೊಬ್ಬರದೇ ಅಲ್ಲವೆಂಬುದು ಆ ಪ್ರತಿಮೆಯ ಕೆಳಗೆ ನಿಂತಾಗ ನೆನಪಾಗುತ್ತದೆ.

ಮೂರನೆಯ ದಿನ ಮರಳುವಾಗ ವಾಯಿಯಲ್ಲಿ ಬಸ್ಸು ಚಹಕ್ಕೆ ನಿಂತಿತು. ಹುಡುಗಿ ಡಬ್ಬಿ ತೆರೆದಳು. ತಳದಲ್ಲಿ ಎರಡು ಚಮಚೆಯಷ್ಟು ನೀರು, ಅದರಲ್ಲಿ ಒಂದು ಹುಲ್ಲಿನ ಎಸಳು. ಸುತ್ತಲಿನವರು ನಕ್ಕರು. ಅವಳು ಅಳಲಿಲ್ಲ, ಚೆಲ್ಲಲೂ ಇಲ್ಲ. ಮುಚ್ಚಳ ಬಿಗಿದು ಚೀಲದಲ್ಲಿಟ್ಟುಕೊಂಡಳು. ಆ ನೀರು ವಳಸಂಗದ ವರೆಗೆ ಬಂದಿತು. ಅವ್ವ ಅದನ್ನು ತುಳಸಿಗೆ ಹಾಕಿದಳೆಂದು ಮರುದಿನ ಶಾಲೆಯಲ್ಲಿ ವರದಿಯಾಯಿತು. ಹೀಗೆ ನೋಡಿದರೆ ವೇಣ್ಣೆಯ ನೀರು ನಮ್ಮೂರಿಗೆ ಒಮ್ಮೆ ಬಂದಂತಾಯಿತು, ನಮ್ಮ ಭೂಗೋಲದ ಪಾಠಕ್ಕೆ ವಿರುದ್ಧವಾಗಿ.

ನಾವು ಮುಖ್ಯಾಧ್ಯಾಪಕರಾದ ಮೇಲೆ, 2006ರ ಜನವರಿಯಲ್ಲಿ, ಮತ್ತೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋದೆವು. ಆಗ ಕನ್ನಡ ಮಾಧ್ಯಮದ ತರಗತಿಗಳೆಲ್ಲ ಸೇರಿ ಒಂದೇ ಬಸ್ಸು ತುಂಬಲು ನೆರೆ ಊರಿನ ಶಾಲೆಯ ಮಕ್ಕಳನ್ನೂ ಕೂಡಿಸಿಕೊಳ್ಳಬೇಕಾಯಿತು. ಹದಿನಾರು ವರ್ಷಗಳಲ್ಲಿ ಇಷ್ಟು ಇಳಿದಿತ್ತು. ಈ ಸಲ ಗೈಡನ್ನು ಹಿಡಿಯಲಿಲ್ಲ. ಪಾಯಿಂಟುಗಳನ್ನು ಎರಡಕ್ಕೆ ಇಳಿಸಿ, ಗೋಮುಖದ ಮುಂದೆ ಒಂದು ತಾಸು ಕುಳಿತೆವು. ಹಾಳೆಯ ಮೇಲೆ ಎರಡು ಗೆರೆ ಎಳೆದು, ಅವು ರಾಯಚೂರಿನ ಉತ್ತರದಲ್ಲಿ ಕೂಡುವುದನ್ನು ತೋರಿಸಿದೆವು. ಮಕ್ಕಳು ಚಳಿಗೆ ನಡುಗುತ್ತಿದ್ದರೂ ಕೇಳಿದರು. ಅಂದು ವೇಣ್ಣೆಯ ದಂಡೆಯಲ್ಲಿ ಹಿಮ ಬಿದ್ದಿರಲಿಲ್ಲ. ರಾತ್ರಿ ಮೋಡ ಕವಿದಿತ್ತು.

ಡಬ್ಬಿಯ ಹುಡುಗಿ ಇಂದು ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಹೋದ ದೀಪಾವಳಿಗೆ ಮಾತನಾಡಿಸಲು ಬಂದವಳು, ಈ ಚಳಿಗಾಲದಲ್ಲಿ ತನ್ನ ಮಕ್ಕಳನ್ನು ಪ್ರವಾಸ ಕರೆದೊಯ್ಯಬೇಕೆಂದಿದ್ದೇನೆ ಎಂದಳು. "ಮಹಾಬಳೇಶ್ವರಕ್ಕೇನವ್ವಾ?" ಎಂದು ಕೇಳಿದೆವು.

"ಅಲ್ಲಿಗೂ ಹೋಗೂದೈತ್ರಿ, ಮುಂದಿನ ವರ್ಷ. ಈ ಸಲ ನಮ್ಮ ನೀರ ಅದನ್ನ ಕೂಡ್ತದಲ್ರಿ, ಆ ಜಾಗ. ಬಸ್ಸ ಎಲ್ಲಿತನಾ ಹೋಗ್ತದ್ರಿ ಸರ್?"

ಆ ಸಂಗಮವನ್ನು ನಾವೂ ಈ ವರೆಗೆ ಕಣ್ಣಾರೆ ಕಂಡಿಲ್ಲ. ಹಾಳೆಯ ಮೇಲೆ ಎರಡು ಗೆರೆ ಕೂಡಿಸಿದ್ದಷ್ಟೇ. ಸೊಲ್ಲಾಪುರದಿಂದ ವಾಡಿ, ಯಾದಗಿರಿ ಮಾರ್ಗವಾಗಿ ರಾಯಚೂರಿಗೆ ಹೋಗುವ ರೇಲ್ವೆ ಕೃಷ್ಣಾ ಎಂಬ ಹೆಸರಿನದೇ ನಿಲ್ದಾಣವನ್ನು ಹಾದು ನದಿಯನ್ನು ದಾಟುತ್ತದೆ, ಅಲ್ಲಿ ಇಳಿದು ವಿಚಾರಿಸಬೇಕು ಎಂದು ಹೇಳಿದೆವು. ಅವಳು ಬರೆದುಕೊಂಡಳು. ಬಸ್ಸಿಗಿಂತ ರೇಲ್ವೆಯೇ ಅಗ್ಗವಾದೀತೆಂದೂ, ಬೇರೆ ರಾಜ್ಯಕ್ಕೆ ಮಕ್ಕಳನ್ನು ಒಯ್ಯಲು ಶಿಕ್ಷಣ ಇಲಾಖೆಯ ಪರವಾನಗಿ ಮೊದಲೇ ಪಡೆಯಬೇಕೆಂದೂ ನೆನಪಿಸಿದೆವು. ನಮ್ಮದೂ ಒಂದು ಟಿಕೇಟು ತೆಗೆಸಲು ಹೇಳಿದ್ದೇವೆ.